ನೆಟ್‌ವರ್ಕ್ ಕಟ್ಟಲು ಕಲಿಸದೆ ಸೈಬರ್ ಸೆಕ್ಯುರಿಟಿ ಕಲಿಸಬಹುದಾ?

ಸಿಇಟಿ ಆಪ್ಷನ್ ಎಂಟ್ರಿ ಶುರುವಾದರೆ ನನ್ನ ಇನ್‌ಬಾಕ್ಸ್‌ಗೂ ಸೀಸನ್ ಶುರು. "ಮಗನಿಗೆ ಸಿಎಸ್ ವಿತ್ ಸೈಬರ್ ಸೆಕ್ಯುರಿಟಿ ಸಿಗೋ ಹಾಗಿದೆ, ಹಾಕಬಹುದಾ?" "ಮಾಮೂಲಿ ಸಿಎಸ್‌ಗಿಂತ ಅದಕ್ಕೆ ಕೆಲಸ ಜಾಸ್ತಿ ಅಂತೆ, ಹೌದಾ?" ನಾನು ನೆಟ್‌ವರ್ಕ್ ಕೆಲಸದವನು. ಸ್ವಿಚ್, ರೂಟರ್, ಫೈರ್‌ವಾಲ್ ಇವೇ ನನ್ನ ಹೊಟ್ಟೆಪಾಡು. ಹೊಸದಾಗಿ ಕೆಲಸಕ್ಕೆ ಬರುವವರ ಇಂಟರ್‌ವ್ಯೂ ಕೂಡ ಮಾಡುತ್ತೇನೆ. ಹಾಗಾಗಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ, ಈ ಸಲ ಇಲ್ಲೇ ಬರೆಯುತ್ತೇನೆ.

ಬ್ರಾಂಚಿನ ಹೆಸರು ಏನು ಬೇಕಾದರೂ ಇರಲಿ. ಆ ಕಾಲೇಜಿನ ನೆಟ್‌ವರ್ಕ್ ಲ್ಯಾಬಿನಲ್ಲಿ ಮಕ್ಕಳು ಕೈಯಾರೆ ಏನು ಮಾಡುತ್ತಾರೆ ಅಂತ ಮೊದಲು ವಿಚಾರಿಸಿ. ನೆಟ್‌ವರ್ಕ್ ಕಟ್ಟುವುದನ್ನು ಕಲಿಸದೆ ಅದನ್ನು ಕಾಯುವುದನ್ನು ಕಲಿಸುತ್ತೇವೆ ಅನ್ನುವವರ ಮೇಲೆ ನನಗೆ ನಂಬಿಕೆ ಇಲ್ಲ. ನಮ್ಮಲ್ಲಿ ಬಹಳ ಕಡೆ ಇವೆರಡಕ್ಕೂ ಬೇರೆ ಸೆಮಿಸ್ಟರ್, ಬೇರೆ ಮೇಷ್ಟ್ರು, ಬೇರೆ ಪುಸ್ತಕ. ನೆಟ್‌ವರ್ಕ್ ಪಾಠದಲ್ಲಿ ಕಳ್ಳನ ಸುದ್ದಿಯೇ ಬರುವುದಿಲ್ಲ. ಸೆಕ್ಯುರಿಟಿ ಪಾಠದಲ್ಲಿ ಕಟ್ಟಡದ ಸುದ್ದಿ ಬರುವುದಿಲ್ಲ.

ನಮ್ಮ ರಾಜ್ಯದಲ್ಲಿ ಸಿಎಸ್ ಓದಿದವರಿಗೆ ನೆಟ್‌ವರ್ಕ್ ಲ್ಯಾಬ್ ಅಂದರೆ ಏನು ನೆನಪಾಗುತ್ತದೆ ಹೇಳಿ? ಸಿಮ್ಯುಲೇಟರ್‌ನಲ್ಲಿ ಮೂರು ನೋಡ್ ಇಟ್ಟು, ಎಷ್ಟು ಪ್ಯಾಕೆಟ್ ಬಿದ್ದುಹೋದವು ಅಂತ ಎಣಿಸುವುದು. ಆಮೇಲೆ ಜಾವಾದಲ್ಲಿ ಸಿಆರ್‌ಸಿ, ಬೆಲ್‌ಮನ್-ಫೋರ್ಡ್, ಲೀಕಿ ಬಕೆಟ್, ಆರ್‌ಎಸ್‌ಎ ಇಂಥ ಪ್ರೋಗ್ರಾಂ ಬರೆಯುವುದು. ಪರೀಕ್ಷೆ ದಿನ ಚೀಟಿ ಎತ್ತುವಾಗ "ಲೀಕಿ ಬಕೆಟ್ ಬರಲಪ್ಪಾ ದೇವರೇ" ಅಂತ ಬೇಡಿಕೊಳ್ಳುವುದು, ಯಾಕೆಂದರೆ ಅದು ಚಿಕ್ಕದು. ಈ ಪ್ರೋಗ್ರಾಂಗಳೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಬೆಲ್‌ಮನ್-ಫೋರ್ಡ್ ತಿಳಿಯದವನಿಗೆ ರೂಟಿಂಗ್ ತಲೆಗೆ ಹತ್ತುವುದು ಕಷ್ಟ. ಆದರೆ ಒಂದು ಕಟ್ಟಡ ತೋರಿಸಿ "ಇದಕ್ಕೆ ನೆಟ್‌ವರ್ಕ್ ಬರೆದುಕೊಡು" ಅಂತ ನಾಲ್ಕು ವರ್ಷದಲ್ಲಿ ಒಮ್ಮೆಯೂ ಯಾರೂ ಕೇಳದೆ ಡಿಗ್ರಿ ಮುಗಿದುಹೋಗುತ್ತದಲ್ಲ, ನನ್ನ ತಕರಾರು ಅದು.

ಇಂಟರ್‌ವ್ಯೂನಲ್ಲಿ ನಾನು ಓಎಸ್‌ಐ ಮಾಡೆಲ್‌ನ ಏಳು ಲೇಯರ್ ಕೇಳುವುದಿಲ್ಲ. ಎಲ್ಲರಿಗೂ ಬಾಯಿಪಾಠ. ಒಂದು ಬಿಳಿ ಹಾಳೆ ಕೊಟ್ಟು ಹೀಗೆ ಹೇಳುತ್ತೇನೆ. ತಾಲ್ಲೂಕು ಕೇಂದ್ರದಲ್ಲಿ ಮೂರು ಮಹಡಿಯ ಆಸ್ಪತ್ರೆ. ಕೆಳಗೆ ಒಪಿಡಿ, ಬಿಲ್ಲಿಂಗ್, ಔಷಧಿ ಅಂಗಡಿ. ಅದರ ಮೇಲೆ ಲ್ಯಾಬು, ಎಕ್ಸ್‌ರೇ, ಸ್ಕ್ಯಾನಿಂಗ್. ಅದರ ಮೇಲೆ ವಾರ್ಡು. ಎಲ್ಲ ಕಡೆ ಸಿಸಿಟಿವಿ. ರೋಗಿಗಳ ಕಡೆಯವರಿಗೆ ಉಚಿತ ವೈಫೈ. ಸ್ಕ್ಯಾನಿಂಗ್ ಮೆಷಿನ್ ಮಾರಿದ ಕಂಪನಿಯವರು ತಮ್ಮ ಆಫೀಸಿನಿಂದಲೇ ಲಾಗಿನ್ ಆಗಿ ರಿಪೇರಿ ಮಾಡಬೇಕಂತೆ. ಬರೆಯಿರಿ.

ಮುಕ್ಕಾಲು ಪಾಲು ಮಂದಿ ಬರೆಯುವ ಚಿತ್ರ ಒಂದೇ. ಮೇಲೆ ಇಂಟರ್ನೆಟ್ ಅಂತ ಒಂದು ಮೋಡ. ಅದರ ಕೆಳಗೆ ಇಟ್ಟಿಗೆ ಗೋಡೆಯ ಚಿತ್ರ, ಅದು ಫೈರ್‌ವಾಲ್. ಅದರ ಕೆಳಗೆ ರೂಟರ್, ಮಹಡಿಗೊಂದು ಸ್ವಿಚ್. ಆಗ ಕೇಳುತ್ತೇನೆ: ವಾರ್ಡಿನಲ್ಲಿ ಅಜ್ಜಿ ಪಕ್ಕ ಕೂತು ರೀಲ್ಸ್ ನೋಡುತ್ತಿರುವ ಹುಡುಗನ ಫೋನಿನಿಂದ ಎಕ್ಸ್‌ರೇ ಮೆಷಿನ್‌ಗೆ ದಾರಿ ಇದೆಯಾ? "ಸರ್, ಫೈರ್‌ವಾಲ್ ಇದೆಯಲ್ಲ." ಫೈರ್‌ವಾಲ್ ಇರುವುದು ಹೊರಗಿನಿಂದ ಬರುವ ದಾರಿಯಲ್ಲಿ. ಈ ಹುಡುಗ ಒಳಗೇ ಕೂತಿದ್ದಾನೆ.

ಆಸ್ಪತ್ರೆಯನ್ನೇ ಆರಿಸಿಕೊಳ್ಳಲು ಕಾರಣ ಇದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ, ಡೇಟಾ ಲಾಕ್ ಮಾಡಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ದಾಳಿ ಆಯಿತು. ಐದು ಸರ್ವರ್, ಸುಮಾರು 1.3 ಟೆರಾಬೈಟ್ ಡೇಟಾ ಲಾಕ್ ಆಯಿತು. ದೇಶದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೊಂದರಲ್ಲಿ ದಿನಗಟ್ಟಲೆ ಚೀಟಿ, ಪೆನ್ನು, ರಿಜಿಸ್ಟರ್ ಹಿಡಿದು ಕೆಲಸ ನಡೆಯಿತು. ಆಮೇಲೆ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಕಾರಣ ಹೇಳಿತ್ತು: ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ. ಇದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಅದೇ ಇಟ್ಟಿಗೆ ಗೋಡೆ ಚಿತ್ರ ಕಣ್ಮುಂದೆ ಬಂತು.

ಅಮೆರಿಕದ್ದು ಇನ್ನೂ ಹಳೆಯ ಕಥೆ. 2013ರ ಕೊನೆಯಲ್ಲಿ ಟಾರ್ಗೆಟ್ ಅನ್ನುವ ಅಂಗಡಿ ಸರಣಿಯಿಂದ ಸುಮಾರು 4 ಕೋಟಿ ಗ್ರಾಹಕರ ಕಾರ್ಡ್ ವಿವರ ಕಳುವಾಯಿತು. ಕಳ್ಳರು ಒಳಗೆ ಬಂದದ್ದು ಎಸಿ, ಫ್ರಿಜ್ ನೋಡಿಕೊಳ್ಳುವ ಒಬ್ಬ ಗುತ್ತಿಗೆದಾರನ ಪಾಸ್‌ವರ್ಡ್ ಕದ್ದು. ಎಸಿಯವನ ಲಾಗಿನ್‌ನಿಂದ ಹೊರಟು ಬಿಲ್ಲಿಂಗ್ ಕೌಂಟರ್‌ವರೆಗೆ ನಡೆದು ಹೋಗಲು ದಾರಿ ಇತ್ತು. ನನ್ನ ಪ್ರಶ್ನೆಯಲ್ಲಿರುವ ಸ್ಕ್ಯಾನಿಂಗ್ ಮೆಷಿನ್ ಕಂಪನಿ ಇದೇ ಎಸಿಯವನು. ಆ ದಾರಿ ನೆಟ್‌ವರ್ಕ್ ಬರೆಯುವ ದಿನವೇ ಮುಚ್ಚಬೇಕು. ಮೊದಲು ಕಟ್ಟಿಬಿಡೋಣ, ಸೆಕ್ಯುರಿಟಿ ಆಮೇಲೆ ನೋಡೋಣ ಅನ್ನುವುದು ಇಡ್ಲಿ ಬೆಂದ ಮೇಲೆ ಹಿಟ್ಟಿಗೆ ಉಪ್ಪು ಹಾಕಲು ಹೋದ ಹಾಗೆ.

ಕೆಲವರು ಸ್ವಲ್ಪ ಮುಂದೆ ಹೋಗಿ "ವಿಎಲ್ಯಾನ್ ಮಾಡ್ತೀನಿ ಸರ್" ಅನ್ನುತ್ತಾರೆ. ಖುಷಿಯಾಗುತ್ತದೆ. ಒಂದೇ ಸ್ವಿಚ್ಚನ್ನು ಹಲವು ಸ್ವಿಚ್ಚುಗಳ ಹಾಗೆ ಪಾಲು ಮಾಡುವುದು ವಿಎಲ್ಯಾನ್. ಬಿಲ್ಲಿಂಗ್‌ಗೆ ಒಂದು, ಕ್ಯಾಮೆರಾಗೆ ಒಂದು, ಅತಿಥಿಗಳಿಗೆ ಒಂದು. ಆದರೆ ಮಧ್ಯದಲ್ಲಿ ಲೇಯರ್-3 ಸ್ವಿಚ್ ಕೂರಿಸಿ ರೂಟಿಂಗ್ ಆನ್ ಮಾಡಿದ ಕೂಡಲೇ ಈ ಪಾಲುಗಳೆಲ್ಲ ಮತ್ತೆ ಒಂದಕ್ಕೊಂದು ಮಾತಾಡಲು ಶುರು ಮಾಡುತ್ತವೆ. ಯಾರು ಯಾರ ಜೊತೆ ಮಾತಾಡಬಾರದು ಅಂತ ಆಕ್ಸೆಸ್ ಲಿಸ್ಟ್ ಬರೆದು ಹೇಳುವವರೆಗೆ ಅದು ಯಾರನ್ನೂ ತಡೆಯುವುದಿಲ್ಲ. ಇದು ಪುಸ್ತಕದಲ್ಲಿ ಒಂದು ಸಾಲು. ಲ್ಯಾಬಿನಲ್ಲಿ ಒಂದು ಸಲ ಮಾಡಿ, ಗೆಸ್ಟ್ ವೈಫೈನಿಂದ ಬಿಲ್ಲಿಂಗ್ ಸರ್ವರ್‌ಗೆ ಪಿಂಗ್ (ಇದ್ದೀಯಾ ಅಂತ ಕೇಳುವ ಪುಟ್ಟ ಸಂದೇಶ) ಹೊಡೆದು ಉತ್ತರ ಬಂದದ್ದನ್ನು ಕಣ್ಣಾರೆ ನೋಡಿದವನು ಜನ್ಮದಲ್ಲಿ ಮರೆಯುವುದಿಲ್ಲ.

ಸಬ್‌ನೆಟ್ಟಿಂಗ್, ಅಂದರೆ ವಿಳಾಸಗಳ ಸಾಲನ್ನು ತುಂಡು ಮಾಡುವುದು, ಅದರ ಗತಿಯೂ ಅಷ್ಟೇ. ಅದನ್ನು ನಾವು ಲೆಕ್ಕದ ಪಾಠ ಮಾಡಿಟ್ಟಿದ್ದೇವೆ. /26 ಗಾತ್ರದ ತುಂಡು ಕೊಟ್ಟರೆ ಎಷ್ಟು ಹೋಸ್ಟ್ (ಮೆಷಿನ್)? 62. ಸರಿ, ಮಾರ್ಕ್ಸ್ ಬಂತು. ಯಾಕಪ್ಪಾ ಹೀಗೆ ತುಂಡು ಮಾಡಬೇಕು ಅಂದರೆ ಉತ್ತರ ಇಲ್ಲ. ಲಾಂಗೆಸ್ಟ್ ಪ್ರಿಫಿಕ್ಸ್ ಮ್ಯಾಚ್ ಅಂತ ಇನ್ನೊಂದು ಲೆಕ್ಕ ಇದೆ. ಒಂದೇ ವಿಳಾಸಕ್ಕೆ ಎರಡು ದಾರಿ ಗೊತ್ತಿದ್ದರೆ ರೂಟರ್ ಹೆಚ್ಚು ನಿಖರವಾದ ದಾರಿ ಹಿಡಿಯುತ್ತದೆ ಅನ್ನುವ ನಿಯಮ. ಐದು ಮಾರ್ಕ್ಸ್‌ಗೆ ಬರೆದು ಮರೆಯುತ್ತೇವೆ. ಇದೇ ನಿಯಮದಿಂದ 2008ರ ಫೆಬ್ರವರಿ 24ರಂದು ಯೂಟ್ಯೂಬ್ ಜಗತ್ತಿನ ಬಹುಪಾಲು ಜನರಿಗೆ ಸುಮಾರು ಎರಡು ಗಂಟೆ ಸಿಗಲಿಲ್ಲ. ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ಮುಚ್ಚಲು ಹೋಗಿ, ಆ ವಿಳಾಸ ನನ್ನದು ಅಂತ ಹೊರಗೂ ಸಾರಿಬಿಟ್ಟಿತು. ಯೂಟ್ಯೂಬ್ ಸಾರುತ್ತಿದ್ದದ್ದು /22. ಇವರು ಸಾರಿದ್ದು ಅದರೊಳಗಿನ ಒಂದು /24, ಅಂದರೆ ಇನ್ನೂ ಚಿಕ್ಕ, ಹೆಚ್ಚು ನಿಖರವಾದ ತುಂಡು. ಜಗತ್ತಿನ ರೂಟರ್‌ಗಳು ನಿಯಮ ಪಾಲಿಸಿದವು, ಅಷ್ಟೇ. ಈ ಕಥೆ ಹೇಳಲು ಮೇಷ್ಟ್ರಿಗೆ ಹತ್ತು ನಿಮಿಷ ಬೇಕು. ಹೇಳಿದರೆ ಆ ಐದು ಮಾರ್ಕ್ಸ್ ಲೆಕ್ಕವೂ ನೆನಪಿರುತ್ತದೆ.

ಸೆಕ್ಯುರಿಟಿ ಪೇಪರಿನಲ್ಲಿ ಕ್ರಿಪ್ಟೋಗ್ರಫಿ ಪಾಲು ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು ಅಂತ ನನಗೆ ಅನ್ನಿಸುತ್ತದೆ. p=3, q=11 ಹಿಡಿದು ಆರ್‌ಎಸ್‌ಎ ಕೀ ಕಂಡುಹಿಡಿಯುವುದು ಚೆಂದದ ಲೆಕ್ಕ. ಆದರೆ ನನ್ನ ಕೆಲಸದಲ್ಲಿ ಆರ್‌ಎಸ್‌ಎ ಮುರಿದು ಒಳಗೆ ಬಂದ ಒಬ್ಬ ಕಳ್ಳನನ್ನೂ ನಾನು ಕಂಡಿಲ್ಲ. ಬರುವವರೆಲ್ಲ ಬದಲಾಯಿಸದ ಪಾಸ್‌ವರ್ಡ್, ಮುಚ್ಚದ ಪೋರ್ಟ್, ಮರೆತುಹೋದ ಹಳೆ ವಿಪಿಎನ್ ಖಾತೆ ಇಂಥ ಕಡೆಯಿಂದ ಬರುತ್ತಾರೆ.

ಇನ್ನು ಲ್ಯಾಬಿಗೆ ಸಲಕರಣೆ ಇಲ್ಲ ಅನ್ನುವ ಮಾತು. ಪ್ರತಿ ಕಾಲೇಜಿನಲ್ಲೂ ಒಂದು ದೊಡ್ಡ ಲ್ಯಾಬ್ ಈಗಾಗಲೇ ಇದೆ: ಕಾಲೇಜಿನದೇ ನೆಟ್‌ವರ್ಕ್. ಅದರ ಹತ್ತಿರ ಮಕ್ಕಳನ್ನು ಬಿಡುವುದಿಲ್ಲ. ಸರ್ವರ್ ರೂಮಿಗೆ ಬೀಗ. ನಾನು ಓದಿದ ಕಾಲೇಜಿನ ಹಾಸ್ಟೆಲ್‌ನಲ್ಲಿ ಪರೀಕ್ಷೆ ಹತ್ತಿರ ಬಂದಾಗ ಒಂದು ಇಡೀ ಮಹಡಿಗೆ ಇಂಟರ್ನೆಟ್ ಹೋಯಿತು. ಎಲ್ಲರಿಗೂ ವೈಫೈ ಕನೆಕ್ಟ್ ಆಗಿದೆ ಅಂತಲೇ ತೋರಿಸುತ್ತಿತ್ತು, ಒಂದು ಪೇಜೂ ತೆರೆಯುತ್ತಿರಲಿಲ್ಲ. ಆದದ್ದೇನು ಅಂದರೆ, ಯಾರೋ ಮನೆಯಿಂದ ಚಿಕ್ಕ ರೂಟರ್ ತಂದು ಗೋಡೆಯ ಪೋರ್ಟಿಗೆ ಸಿಕ್ಕಿಸಿದ್ದ. ತಂತಿ ಚುಚ್ಚಿದ್ದು ರೂಟರ್‌ನ ವ್ಯಾನ್ (ಹೊರಗಿನ ತಂತಿಯ) ಪೋರ್ಟಿನ ಬದಲು ಲ್ಯಾನ್ (ಒಳಗಿನ ಮೆಷಿನ್‌ಗಳ) ಪೋರ್ಟಿಗೆ. ಆ ರೂಟರ್ ತಾನೇ ಡಿಎಚ್‌ಸಿಪಿ ಸರ್ವರ್ (ವಿಳಾಸ ಹಂಚುವವನು) ಅಂತ ಎಲ್ಲರಿಗೂ 192.168.1 ಸಾಲಿನ ವಿಳಾಸ ಹಂಚತೊಡಗಿತ್ತು. ಕಾಲೇಜಿನ ಸ್ವಿಚ್‌ಗಳಲ್ಲಿ ಅನುಮತಿ ಇಲ್ಲದ ಪೋರ್ಟಿನಿಂದ ವಿಳಾಸ ಹಂಚುವುದನ್ನು ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿದ್ದರೆ ಆ ಹಂಚಿಕೆ ಆ ಪೋರ್ಟಿನಲ್ಲೇ ನಿಲ್ಲುತ್ತಿತ್ತು. ಆಡಳಿತದವರು ಏನು ಮಾಡಿದರು? ರೂಮ್ ರೂಮ್ ಹುಡುಕಿ ರೂಟರ್ ಜಪ್ತಿ ಮಾಡಿ, ದಂಡ ಹಾಕಿ, ನೋಟಿಸ್ ಅಂಟಿಸಿದರು. ಅದೇ ವಾರ ನಮಗೆ ಡಿಎಚ್‌ಸಿಪಿ ಪಾಠ ನಡೆಯುತ್ತಿತ್ತು. ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಡ್ಜ್ ಅಂತ ಬೋರ್ಡ್ ಮೇಲೆ ನಾಲ್ಕು ಬಾಣ. ಹಾಸ್ಟೆಲ್ ಮಹಡಿಯಲ್ಲಿ ಏನಾಯಿತು ಅಂತ ಕ್ಲಾಸಿನಲ್ಲಿ ಒಂದು ಮಾತೂ ಬರಲಿಲ್ಲ. ಇದಕ್ಕಿಂತ ಒಳ್ಳೆಯ ಉದಾಹರಣೆ ದುಡ್ಡು ಕೊಟ್ಟರೂ ಸಿಗುತ್ತಿತ್ತಾ?

"ಇದನ್ನೆಲ್ಲ ಕಲಿಸಿದರೆ ಹುಡುಗರು ಹ್ಯಾಕಿಂಗ್ ಶುರು ಮಾಡುತ್ತಾರೆ" ಅನ್ನುವ ಮೇಷ್ಟ್ರಿದ್ದಾರೆ. ಆ ಭಯ ಸುಳ್ಳಲ್ಲ. 1988ರ ನವೆಂಬರ್ 2ರಂದು ಇಂಟರ್ನೆಟ್ಟಿಗೆ ಹುಳು (ತಾನಾಗಿ ಹರಡುವ ಪ್ರೋಗ್ರಾಂ) ಬಿಟ್ಟ ರಾಬರ್ಟ್ ಮಾರಿಸ್ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. 2016ರಲ್ಲಿ ಮಿರಾಯ್ ಬಾಟ್‌ನೆಟ್ (ಹ್ಯಾಕ್ ಮಾಡಿ ವಶಕ್ಕೆ ತೆಗೆದುಕೊಂಡ ಸಾಧನಗಳ ಪಡೆ) ಕಟ್ಟಿದವರಲ್ಲಿ ಒಬ್ಬನಾದ ಪರಸ್ ಝಾ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವನು. ತನ್ನದೇ ವಿಶ್ವವಿದ್ಯಾಲಯದ ನೆಟ್‌ವರ್ಕನ್ನು ಮತ್ತೆ ಮತ್ತೆ ಬೀಳಿಸಿದ. ಕೊನೆಗೆ ಕೋರ್ಟು ಅದಕ್ಕೆ 86 ಲಕ್ಷ ಡಾಲರ್ ಪರಿಹಾರ ಕಟ್ಟು ಎಂದಿತು. ಆದರೆ ಮಿರಾಯ್ ಕೆಲಸ ಮಾಡಿದ್ದು ಹೇಗೆ ನೋಡಿ. ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ಫ್ಯಾಕ್ಟರಿಯಲ್ಲೇ ಹಾಕಿ ಕಳಿಸಿದ ಅರವತ್ತು ಚಿಲ್ಲರೆ ಯೂಸರ್ ನೇಮ್, ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುವುದು, ಅಷ್ಟೇ. ಸಿಸಿಟಿವಿ ಕ್ಯಾಮೆರಾ ಇಡೀ ಇಂಟರ್ನೆಟ್ಟಿಗೆ ಮುಖ ಮಾಡಿ ಕೂರಬೇಕಾದ ಅಗತ್ಯ ಏನಿತ್ತು? ಮತ್ತೆ ಅದೇ ಡಿಸೈನ್ ಪ್ರಶ್ನೆ.

ಹಾಗಾಗಿ ನಾನು ಕಲಿಸಿ ಅನ್ನುತ್ತೇನೆ, ಆದರೆ ಬೇಲಿ ಹಾಕಿ ಕಲಿಸಿ. ಹೊರಗಿನ ತಂತಿ ಕಿತ್ತ ಒಂದು ಲ್ಯಾಬ್ ಸಾಕು, ದಾಳಿ ಅದರೊಳಗೆ ಮಾತ್ರ. ಮೊದಲ ಕ್ಲಾಸಿನಲ್ಲೇ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಓದಿಸಿ. ಅನುಮತಿ ಇಲ್ಲದೆ, ಕೆಟ್ಟ ಉದ್ದೇಶದಿಂದ ಬೇರೆಯವರ ಸಿಸ್ಟಂಗೆ ಕೈ ಹಾಕಿದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದು ಗೊತ್ತಾದರೆ ಅರ್ಧ ಹುಡುಗಾಟ ಅಲ್ಲೇ ಇಳಿಯುತ್ತದೆ. ಯೂಟ್ಯೂಬ್ ನೋಡಿ ಕದ್ದು ಕಲಿಯುವವನಿಗೆ ಈ ಸೆಕ್ಷನ್ ಯಾರು ಹೇಳುತ್ತಾರೆ?

ಕಾನೂನಿನ ಮಾತು ಬಂತಲ್ಲ, ಇನ್ನೊಂದು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಎಲ್ಲ ಸಿಸ್ಟಂಗಳ ಗಡಿಯಾರ ಒಂದೇ ಸಮಯಕ್ಕೆ ಹೊಂದಿರಬೇಕು. ಗಡಿಯಾರದ ಮಾತು ಕೇಳಿ ನಗಬೇಡಿ. ಫೈರ್‌ವಾಲ್ ಲಾಗಿನಲ್ಲಿ ರಾತ್ರಿ 2:10, ಸರ್ವರ್ ಲಾಗಿನಲ್ಲಿ 1:47 ಅಂತಿದ್ದರೆ ಯಾವುದು ಮೊದಲು ನಡೆಯಿತು ಅಂತ ಹೇಗೆ ಹೇಳುತ್ತೀರಿ? ಗಡಿಯಾರ ಹೊಂದಿಸುವ ಎನ್‌ಟಿಪಿ ನಮ್ಮ ಪಠ್ಯದಲ್ಲಿ ಸುಮ್ನೆ ಪೋರ್ಟ್ ನಂಬರ್ 123 ಆಗಿ ಉಳಿದಿದೆ.

ದುಡ್ಡಿನ ವಿಷಯಕ್ಕೆ ಬರೋಣ. ನೆಟ್‌ವರ್ಕ್ ಕಟ್ಟಿ ನೋಡುವ ಸಿಮ್ಯುಲೇಟರ್ ಪ್ಯಾಕೆಟ್ ಟ್ರೇಸರ್ ಉಚಿತ. ವೈರ್‌ಶಾರ್ಕ್, ಜಿಎನ್‌ಎಸ್3, ಪಿಎಫ್‌ಸೆನ್ಸ್ ಇಂಥ ಸಾಫ್ಟ್‌ವೇರ್‌ಗಳೂ ಉಚಿತ. ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸೀಡ್ ಲ್ಯಾಬ್ಸ್‌ನ ಸೆಕ್ಯುರಿಟಿ ಪ್ರಯೋಗಗಳು ಯಾರಿಗೆ ಬೇಕಾದರೂ ಉಚಿತ. ನಿಜವಾದ ಸ್ವಿಚ್ಚೇ ಬೇಕು ಅಂದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಒಂದು ಸುತ್ತು ಹೊಡೆಯಿರಿ. ಕಂಪನಿಗಳು ತೆಗೆದುಹಾಕಿದ ಹಳೆ ಮ್ಯಾನೇಜ್ಡ್ ಸ್ವಿಚ್‌ಗಳು ಹೊಸದರ ಬೆಲೆಯ ಒಂದು ಚೂರಿಗೆ ಸಿಗುತ್ತವೆ. ಕೊರತೆ ಇರುವುದು ಮೇಷ್ಟ್ರ ಸಮಯಕ್ಕೆ. ಮೂರು ಸಬ್ಜೆಕ್ಟ್ ಪಾಠ, ಮೇಲೆ ಅಕ್ರೆಡಿಟೇಷನ್ ಫೈಲು, ಅದರ ಮೇಲೆ ಅಡ್ಮಿಷನ್ ಪ್ರಚಾರ. ಹೊಸ ಲ್ಯಾಬ್ ಕಟ್ಟು ಅಂತ ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಅದಕ್ಕೇ ಒಂದೇ ಒಂದು ಬದಲಾವಣೆ ಕೇಳುತ್ತೇನೆ, ಲ್ಯಾಬ್ ಪರೀಕ್ಷೆಯಲ್ಲಿ. ಚೀಟಿ ಎತ್ತಿಸುವ ಬದಲು, ಕೆಲಸ ಮಾಡುತ್ತಿರುವ ಪುಟ್ಟ ನೆಟ್‌ವರ್ಕ್ ಒಂದನ್ನು ವಿದ್ಯಾರ್ಥಿ ಮುಂದೆ ಇಡಿ, ಪ್ಯಾಕೆಟ್ ಟ್ರೇಸರ್‌ನಲ್ಲೇ ಆಗಲಿ. ಅವನು ಹೊರಗೆ ನಿಂತಿರುವಾಗ ಎಕ್ಸ್‌ಟರ್ನಲ್ ಎಕ್ಸಾಮಿನರ್ ಎರಡು ಕಡೆ ಕೈ ಹಾಕಲಿ. ಸ್ವಿಚ್‌ಗಳ ನಡುವಿನ ಟ್ರಂಕ್‌ನಿಂದ ಒಂದು ವಿಎಲ್ಯಾನ್ ತೆಗೆಯಲಿ, ಇನ್ನೊಂದು ಕಡೆ ಆಕ್ಸೆಸ್ ಲಿಸ್ಟಿನ ಒಂದು ಸಾಲು ಅಳಿಸಲಿ. ಮೊದಲನೆಯದನ್ನು ಹುಡುಗ ಬೇಗ ಹಿಡಿಯುತ್ತಾನೆ, ಯಾಕೆಂದರೆ ಏನೋ ಒಂದು ನಿಂತುಹೋಗಿರುತ್ತದೆ. ಎರಡನೆಯದರಲ್ಲಿ ಏನೂ ನಿಂತಿರುವುದಿಲ್ಲ, ಎಲ್ಲವೂ ಚೆನ್ನಾಗಿಯೇ ಓಡುತ್ತಿರುತ್ತದೆ. ಅದನ್ನು ಕಂಡುಹಿಡಿದವನಿಗೆ ಮಾರ್ಕ್ಸ್ ಜಾಸ್ತಿ ಕೊಡಿ, ಆಮೇಲೆ ನನ್ನ ಹತ್ತಿರ ಇಂಟರ್‌ವ್ಯೂಗೆ ಕಳಿಸಿ.