ಕಾಯಿನ್‌ಗಲ್ಲ, ಹೊಗೆಗೆ ತೆರಿಗೆ ಹಾಕಿ

ಬಿಟ್‌ಕಾಯಿನ್, ಎಥೀರಿಯಂನಂಥ ಎಲ್ಲ ಕ್ರಿಪ್ಟೋ (ಡಿಜಿಟಲ್ ಹಣ) ಮೇಲೂ ಒಂದೇ ಪರಿಸರ ತೆರಿಗೆ ಇರಲಿ ಎಂದು ಬರೆದಿದ್ದೀರಿ. ಉದ್ದೇಶ ಒಳ್ಳೆಯದೇ, ಆದರೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಸರಿಯಲ್ಲ. ಎಥೀರಿಯಂ 2022ರ ಸೆಪ್ಟೆಂಬರ್‌ನಲ್ಲೇ ಮೈನಿಂಗ್ (ಯಂತ್ರಗಳನ್ನು ಪೈಪೋಟಿಗೆ ಬಿಟ್ಟು ಕಾಯಿನ್ ಗಳಿಸುವ ಪದ್ಧತಿ) ಬಿಟ್ಟಿತು, ಅದರ ಕರೆಂಟ್ ಬಳಕೆ ಶೇ. 99ಕ್ಕಿಂತ ಜಾಸ್ತಿ ಇಳಿಯಿತು. ಅದಕ್ಕೂ ಬಿಟ್‌ಕಾಯಿನ್‌ಗೂ ಒಂದೇ ತೆರಿಗೆ ಅಂದರೆ ಹೇಗೆ?

ಬಿಟ್‌ಕಾಯಿನ್ ಕಥೆಯೇ ಬೇರೆ. ಶೆಡ್ ತುಂಬಾ ಯಂತ್ರಗಳು, ಹಗಲೂ ರಾತ್ರಿ ಫ್ಯಾನ್ ಗುಂಯ್ ಅನ್ನುತ್ತಾ ಒಂದು ಸಂಖ್ಯೆಯನ್ನು ಊಹಿಸುತ್ತಲೇ ಇರುತ್ತವೆ, ಗೆದ್ದವನಿಗೆ ಬಹುಮಾನ, ಉಳಿದವರು ಉರಿಸಿದ ಕರೆಂಟೆಲ್ಲ ಸುಮ್ನೆ ಬಿಸಿಗಾಳಿ. ತಮಾಷೆ ನೋಡಿ, ಯಂತ್ರ ಎಷ್ಟೇ ಹೆಚ್ಚಾದರೂ ಬ್ಲಾಕ್ (ವಹಿವಾಟುಗಳ ಒಂದು ಕಂತೆ) ಬರುವುದು ಸರಾಸರಿ 10 ನಿಮಿಷಕ್ಕೊಂದೇ, ಯಾಕೆಂದರೆ ಪ್ರತಿ 2016 ಬ್ಲಾಕಿಗೊಮ್ಮೆ ಲೆಕ್ಕವನ್ನು ಅದಕ್ಕೆ ತಕ್ಕಂತೆ ಕಷ್ಟ ಮಾಡಲಾಗುತ್ತದೆ. ಹಾಗಾಗಿ ಹೊಸ ಚಿಪ್ ಬಂದರೆ ಕರೆಂಟ್ ಉಳಿಯುತ್ತದೆ ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ. ಉಳಿದ ದುಡ್ಡಲ್ಲಿ ಇನ್ನೊಂದಷ್ಟು ಯಂತ್ರ ತರುತ್ತಾರೆ, ಅಷ್ಟೇ ಅಲ್ವಾ?

2021ರಲ್ಲಿ ಚೀನಾ ಮೈನಿಂಗ್ ನಿಷೇಧಿಸಿತು. ಯಂತ್ರಗಳು ಗಂಟುಮೂಟೆ ಕಟ್ಟಿಕೊಂಡು ಅಮೆರಿಕಕ್ಕೆ, ಕಜಕಿಸ್ತಾನಕ್ಕೆ ಹೋದವು. ಕಜಕಿಸ್ತಾನದಲ್ಲಿ ಹೆಚ್ಚಿನ ಕರೆಂಟ್ ಬರುವುದೇ ಕಲ್ಲಿದ್ದಲಿನಿಂದ! 2023ರಲ್ಲಿ ಬೈಡನ್ ಸರ್ಕಾರ ಮೈನಿಂಗ್‌ನ ಕರೆಂಟ್ ಖರ್ಚಿನ ಮೇಲೆ ಹಂತಹಂತವಾಗಿ ಶೇ. 30 ತೆರಿಗೆ ಹಾಕಲು ಹೊರಟಿತ್ತು, ಅದು ಪಾಸಾಗಲಿಲ್ಲ. ಅದರಲ್ಲೂ ಒಂದು ಎಡವಟ್ಟಿತ್ತು: ಸೋಲಾರ್ ಆದರೂ ಕಲ್ಲಿದ್ದಲಾದರೂ ಒಂದೇ ದರ. ಹಾಗಿದ್ದರೆ ಯಾರು ತಾನೇ ಸೋಲಾರ್ ಕಡೆ ಹೋಗುತ್ತಾರೆ?

ಹೊಗೆಯ ಲೆಕ್ಕ ನೋಡಿ ತೆರಿಗೆ ಹಾಕುವುದಾದರೆ ನನ್ನ ಓಟು ಇದೆ. ಆಗ ಎಐ ಡೇಟಾ ಸೆಂಟರ್‌ಗಳನ್ನೂ ಬಿಡಬೇಡಿ, ಅವಕ್ಕೇನು ರಿಯಾಯಿತಿ?