ಯುರೋಪಿಗೆ ವಯಾ ದುಬೈ

ಯುರೋಪಿನ ಗಾಲ್ಫ್ ಟೂರು, ಅಂದರೆ ಊರೂರು ಸುತ್ತಿ ಆಡೋ ಟೂರ್ನಿಗಳ ಸರಣಿ, ತನ್ನ ವರ್ಷವನ್ನು 2025ರ ನವೆಂಬರ್ 16ಕ್ಕೆ ದುಬೈನಲ್ಲಿ ಮುಗಿಸಿತು. ಹೊಸ ವರ್ಷ ನವೆಂಬರ್ 27ಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಶುರುವಾಗಿಯೂ ಹೋಯಿತು. ಇದರಲ್ಲಿ ಎಲ್ಲೋ ಏನೋ ತಪ್ಪಿದೆ ಅಂತ ನಿಮಗೆ ಅನ್ನಿಸಿದರೆ ನಿಮ್ಮ ಭೂಗೋಳದ ಮೇಷ್ಟ್ರನ್ನು ಕೇಳಿ. ಟೂರಿನವರನ್ನು ಕೇಳಬೇಡಿ, ಅವರು ವಿಮಾನದಲ್ಲಿರುತ್ತಾರೆ.

ಈ ಸಲ ಎರಡು ಸೀಸನ್ನುಗಳ ನಡುವೆ ಹತ್ತು ದಿನ ಬಿಡುವು ಸಿಕ್ಕಿತು. ದೊಡ್ಡ ಮನಸ್ಸು. ಅದರ ಹಿಂದಿನ ವರ್ಷ ಅಷ್ಟೂ ಇರಲಿಲ್ಲ. ಭಾನುವಾರ ದುಬೈನಲ್ಲಿ 2024ರ ಕಪ್ ಎತ್ತಿದರು, ಗುರುವಾರ ಬ್ರಿಸ್ಬೇನ್‌ನಲ್ಲಿ 2025ರ ಮೊದಲ ಚೆಂಡು ಹೊಡೆದರು. ಆಗಿನ್ನೂ ನವೆಂಬರ್ 2024. ಜನವರಿ ಬರಲಿ ಅಂತ ಕಾಯೋದು ನಮ್ಮಂಥವರ ಕೆಲಸ.

ಇಡೀ ವರ್ಷ ಓಡಿ ಗೆದ್ದವರು ಯಾರು? ರೋರಿ ಮೆಕಿಲ್‌ರಾಯ್. ಏಳನೇ ಸಲ. ಕಾಲಿನ್ ಮಾಂಟ್‌ಗೊಮರಿಯವರ ಎಂಟರ ದಾಖಲೆಗೆ ಇನ್ನೊಂದೇ ಬಾಕಿ. ಆಟಗಾರನ ಬಗ್ಗೆ ನನ್ನದೇನೂ ತಕರಾರಿಲ್ಲ. ಕೊನೆಯ ದಿನ ಹದಿನೆಂಟನೇ ಹೋಲ್‌ನಲ್ಲಿ ಈಗಲ್ (ನಿಗದಿಗಿಂತ ಎರಡು ಹೊಡೆತ ಕಡಿಮೆ) ಹೊಡೆದು, ಸಮ ಮಾಡಿ, ಪ್ಲೇಆಫ್‌ಗೆ ಎಳೆದ ಪುಣ್ಯಾತ್ಮ ಅವರು. ಆ ಪ್ಲೇಆಫ್‌ನಲ್ಲಿ ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ ಕೈಲಿ ಸೋತರು. ಸೋತ ಮೇಲೆ, ಇಡೀ ವರ್ಷದ ಪಾಯಿಂಟು ಲೆಕ್ಕದಲ್ಲಿ, ವರ್ಷದ ಚಾಂಪಿಯನ್ ಆದರು. ಗೆದ್ದವರಿಗೆ 30 ಲಕ್ಷ ಡಾಲರ್, ಸೋತು ಗೆದ್ದವರಿಗೆ ಎರಡನೇ ಸ್ಥಾನದ ದುಡ್ಡಿನ ಜೊತೆ 20 ಲಕ್ಷ ಡಾಲರ್ ಬೋನಸ್. ಯಾರೂ ಬರಿಗೈಲಿ ಮನೆಗೆ ಹೋಗಲಿಲ್ಲ ಅನ್ನೋದು ಸಮಾಧಾನ. ಅಂದಹಾಗೆ ಅವರನ್ನು ಯುರೋಪಿನ ನಂಬರ್ ಒನ್ ಮಾಡಿದ ಪಾಯಿಂಟುಗಳಲ್ಲಿ ದೊಡ್ಡ ಗಂಟು ಬಂದಿದ್ದು ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಅನ್ನೋ ದೊಡ್ಡ ಟೂರ್ನಿ ಗೆದ್ದಾಗ. ಮಾಸ್ಟರ್ಸ್ ನಡೆಯೋದು ಅಮೆರಿಕದ ಜಾರ್ಜಿಯಾದಲ್ಲಿ. ಜಾರ್ಜಿಯಾದಲ್ಲಿ ಗೆದ್ದು, ದುಬೈನಲ್ಲಿ ಕಿರೀಟ ಹಾಕಿಸಿಕೊಂಡು, ಯುರೋಪಿಗೆ ರಾಜರಾಗೋದು. ಹಿಂದಿನ ಕಾಲದ ಚಕ್ರವರ್ತಿಗಳಿಗೂ ಇಷ್ಟು ಸಲೀಸಾಗಿ ಆಗಿರಲಿಲ್ಲ.

ಹೆಸರಿನ ವಿಷಯದಲ್ಲಿ ನಾವು ನ್ಯಾಯವಾಗಿರಬೇಕು. ಇದು ಈಗ ‘ಯುರೋಪಿಯನ್ ಟೂರ್’ ಅಲ್ಲ, ‘ಡಿಪಿ ವರ್ಲ್ಡ್ ಟೂರ್’. 1972ರಲ್ಲಿ ಹುಟ್ಟಿದಾಗ ಯುರೋಪಿನೊಳಗೇ ಇತ್ತು. ಹತ್ತು ವರ್ಷ ಹೇಗೋ ತಡೆದುಕೊಂಡಿತು. 1982ರಲ್ಲಿ ಟ್ಯುನೀಷಿಯಾಕ್ಕೆ ಹೊಸಿಲು ದಾಟಿತು. 1989ರಲ್ಲಿ ದುಬೈ ನೋಡಿತು. ಅಲ್ಲಿಗೆ ಮುಗೀತು. ಅಷ್ಟು ವರ್ಷ ‘ಆರ್ಡರ್ ಆಫ್ ಮೆರಿಟ್’ ಅಂತ ಇದ್ದ ಪಟ್ಟಿ 2009ರಲ್ಲಿ ‘ರೇಸ್ ಟು ದುಬೈ’ ಆಯಿತು. ಯೋಗ್ಯತೆಯ ಪಟ್ಟಿ ಹೋಗಿ ಊರಿನ ಬೋರ್ಡ್ ಬಂತು. ಆ ವರ್ಷವೇ ದುಬೈಗೆ ದುಡ್ಡಿನ ಬಿಸಿ ತಟ್ಟಿತು, ಕೊಡ್ತೀವಿ ಅಂದಿದ್ದ ಬಹುಮಾನದಲ್ಲಿ ಕಾಲು ಭಾಗ ಕತ್ತರಿಸಿದರು. ಪ್ರೀತಿ ಮಾತ್ರ ಕಡಿಮೆಯಾಗಲಿಲ್ಲ. 2021ರ ಕೊನೆಗೆ ಇಡೀ ಟೂರಿಗೇ ದುಬೈನ ಬಂದರು ಕಂಪನಿಯ ಹೆಸರು ಅಂಟಿಸಿದರು. ಕಂಟೇನರ್‌ಗಳನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ಸಾಗಿಸೋದು ಆ ಕಂಪನಿಯ ಕಸುಬು. ಆಟಗಾರರು ವರ್ಷವಿಡೀ ಪಡೋ ಪಾಡು ನೋಡಿದರೆ ಪ್ರಾಯೋಜಕರನ್ನು ಬಹಳ ಯೋಚಿಸಿಯೇ ಹುಡುಕಿದ್ದಾರೆ.

ಈಗ 2025ರ ವೇಳಾಪಟ್ಟಿ ನೋಡೋಣ. 42 ಟೂರ್ನಿ, 26 ದೇಶ. ಇದನ್ನು ತುಂಡು ಮಾಡಿ ಒಂದೊಂದಕ್ಕೂ ‘ಸ್ವಿಂಗ್’ ಅಂತ ಹೆಸರಿಟ್ಟಿದ್ದಾರೆ. ಓಪನಿಂಗ್ ಸ್ವಿಂಗ್, ಇಂಟರ್‌ನ್ಯಾಷನಲ್ ಸ್ವಿಂಗ್, ಏಷ್ಯನ್ ಸ್ವಿಂಗ್. ಇವೆಲ್ಲ ಆದ ಮೇಲೆ, ಮೇ ತಿಂಗಳಲ್ಲಿ, ‘ಯುರೋಪಿಯನ್ ಸ್ವಿಂಗ್’ ಅಂತ ಒಂದು ಬರುತ್ತದೆ. ಯುರೋಪಿನ ಟೂರು ಯುರೋಪಿಗೂ ಒಂದು ಟ್ರಿಪ್ ಹೋಗಿಬರುತ್ತದೆ. ಎಷ್ಟು ಸೌಜನ್ಯ ನೋಡಿ. ಆ ಯುರೋಪಿಯನ್ ಸ್ವಿಂಗ್‌ನ ಮೊದಲ ಟೂರ್ನಿ ಎಲ್ಲಿ ಅಂದರೆ ಟರ್ಕಿಯ ಅಂತಾಲ್ಯದಲ್ಲಿ. ಭೂಪಟ ತೆಗೆದು ನೋಡಿದರೆ ಅದು ಏಷ್ಯಾದ ಕಡೆಗೇ ಇದೆ. ಆಮೇಲೆ ‘ಕ್ಲೋಸಿಂಗ್ ಸ್ವಿಂಗ್’. ಇದರಲ್ಲಿ ಅಮೆರಿಕದ ಕೆಂಟಕಿ ಕೂಡ ಸೇರಿದೆ. ಕ್ಲೋಸಿಂಗ್ ಅಂದರೆ ಮುಗೀತು ಅಂತ ತಾನೇ? ಅಲ್ಲ. ಅದಾದ ಮೇಲೆ ‘ಬ್ಯಾಕ್ ನೈನ್’, ಒಂಬತ್ತು ಟೂರ್ನಿ. ಅದೂ ಆದ ಮೇಲೆ ‘ಪ್ಲೇ-ಆಫ್ಸ್’, ಎರಡು ಟೂರ್ನಿ. ಒಂದು ಅಬುಧಾಬಿಯಲ್ಲಿ, ಇನ್ನೊಂದು ದುಬೈನಲ್ಲಿ. ಜಗತ್ತೆಲ್ಲ ಅಲೆಸಿ ಕೊನೆಗೆ ಒಂದೇ ದೇಶದೊಳಗೆ ಕೂಡಿ ಹಾಕುತ್ತಾರೆ.

ಬ್ಯಾಕ್ ನೈನ್‌ನಲ್ಲಿ ಈ ಸಲ ದೆಹಲಿಯೂ ಇತ್ತು. ಅಕ್ಟೋಬರ್‌ನಲ್ಲಿ, ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ, 40 ಲಕ್ಷ ಡಾಲರ್ ಟೂರ್ನಿ. ಹೆಸರು ‘ಡಿಪಿ ವರ್ಲ್ಡ್ ಇಂಡಿಯಾ ಚಾಂಪಿಯನ್‌ಶಿಪ್’. ಫೇರ್‌ವೇ, ಅಂದರೆ ಚೆಂಡು ಸಾಗೋ ಹುಲ್ಲುದಾರಿ, ಕಿರಿದು, ಎರಡೂ ಕಡೆ ಮುಳ್ಳುಪೊದೆ. ಚೆಂಡು ಒಳಗೆ ಹೋದರೆ ಹೋಯಿತು. ಜಗತ್ತಿನಲ್ಲೇ ಅತಿ ಚೆನ್ನಾಗಿ ಡ್ರೈವರ್ (ದೂರಕ್ಕೆ ಹೊಡೆಯೋ ಕೋಲು) ಬೀಸುವವರಲ್ಲಿ ಒಬ್ಬರಾದ ಮೆಕಿಲ್‌ರಾಯ್, ಕೋರ್ಸ್ ನೋಡಿದವರೇ ಇನ್ನು ಡ್ರೈವರ್ ಮುಟ್ಟೋದು ಅಬುಧಾಬಿಯಲ್ಲೇ ಅಂದರು. ಅವರು ಡ್ರೈವರ್ ಬೀಸೋದನ್ನೇ ನೋಡಬೇಕು ಅಂತ ಬಂದವರು ಚಿಕ್ಕ ಕೋಲಾದ ಐರನ್ ಹೊಡೆಯೋದನ್ನು ನೋಡಿ ಚಪ್ಪಾಳೆ ತಟ್ಟಿ ಹೋದರು. ಗೆದ್ದಿದ್ದು ಟಾಮಿ ಫ್ಲೀಟ್‌ವುಡ್.

ಸರಿ, ಇಷ್ಟೆಲ್ಲ ಸುತ್ತಿ ವರ್ಷವಿಡೀ ಚೆನ್ನಾಗಿ ಆಡಿದವರಿಗೆ ಟೂರು ಕೊಡೋ ದೊಡ್ಡ ಬಹುಮಾನ ಏನು ಗೊತ್ತಾ? ಟೂರು ಬಿಟ್ಟು ಹೋಗೋ ಅವಕಾಶ. ತಮಾಷೆಗೆ ಹೇಳುತ್ತಿಲ್ಲ. 2023ರಿಂದ ಪ್ರತಿ ವರ್ಷ, ಅದಾಗಲೇ ಅಮೆರಿಕದ ಕಾರ್ಡ್ ಇಲ್ಲದವರಲ್ಲಿ ಮೊದಲ ಹತ್ತು ಜನಕ್ಕೆ ಅಮೆರಿಕದ ಪಿಜಿಎ ಟೂರಿನ ಕಾರ್ಡ್, ಅಂದರೆ ಅಲ್ಲಿ ಆಡೋ ಹಕ್ಕು. ಪರೀಕ್ಷೆಯಲ್ಲಿ ರ‍್ಯಾಂಕ್ ಬಂದರೆ ಪಕ್ಕದ ಶಾಲೆಗೆ ಟಿಸಿ. ಹಿಂದೆ ಉಳಿದವರೇ ಮುಂದಿನ ವರ್ಷ ಇಲ್ಲಿ ಪ್ರಾರ್ಥನೆಗೆ ನಿಲ್ಲಬೇಕು. ಮ್ಯಾಥ್ಯೂ ಪಾವೊನ್ ಹಾಗೆ ಹೋದವರು. 2024ರ ಜನವರಿಯಲ್ಲೇ ಅಲ್ಲಿ ಟೂರ್ನಿ ಗೆದ್ದುಬಿಟ್ಟರು. ರಾಬರ್ಟ್ ಮ್ಯಾಕಿಂಟೈರ್ ಕೂಡ ಅದೇ ಬಾಗಿಲಲ್ಲಿ ಹೋದವರು. ಟೂರಿನವರು ಇದನ್ನು ‘ಪಾತ್‌ವೇ’ ಅಂತ ಹೆಮ್ಮೆಯಿಂದ ಕರೆಯುತ್ತಾರೆ. ಖಾಲಿಯಾಗೋ ಮನೆಗೂ ಒಂದು ಒಳ್ಳೆ ಹೆಸರು ಬೇಕಲ್ವಾ.

ಈ ಸಲ ಹಾಗೆ ಹೊರಟವರಲ್ಲಿ ಮೊದಲಿಗರು ಮಾರ್ಕೊ ಪೆಂಜ್. ಒಂದೇ ಸೀಸನ್ನಿನಲ್ಲಿ ಮೂರು ಟೂರ್ನಿ ಗೆದ್ದು ಮೆಕಿಲ್‌ರಾಯ್ ಹಿಂದೆಯೇ ಎರಡನೇ ಸ್ಥಾನಕ್ಕೆ ಬಂದರು. 2024ರ ಕೊನೆಗೆ ಇದೇ ಮನುಷ್ಯನಿಗೆ ಕಾರ್ಡ್ ಉಳಿಸಿಕೊಳ್ಳೋದೇ ಕಷ್ಟವಾಗಿತ್ತು. ಅದರ ಮೇಲೆ ಗಾಲ್ಫ್ ಮೇಲೆ ಬೆಟ್ ಕಟ್ಟಿದ್ದರು ಅಂತ ನಿಷೇಧವೂ ಬಿತ್ತು. ಸರಿಯಾದ ಕ್ರಮವೇ. ಗಾಲ್ಫಿನಲ್ಲಿ ಯಾರ ದುಡ್ಡು ಎಲ್ಲಿಂದ ಬರುತ್ತದೆ ಅನ್ನೋ ವಿಷಯದಲ್ಲಿ ಟೂರಿನವರು ಎಷ್ಟು ಕಟ್ಟುನಿಟ್ಟು ಅನ್ನೋದಕ್ಕೆ ಈಗ ಬರುತ್ತೇನೆ.

ಅದಕ್ಕೂ ಮೊದಲು ಪಟ್ಟಿಯ ಕೆಳಗಡೆ ಇರೋ ಆಟಗಾರನ ಮಾತು. ಅವನ ಫೋಟೋ ಎಲ್ಲೂ ಬರಲ್ಲ. ಅವನು ಟೂರಿನ ನೌಕರ ಅಲ್ಲ, ಸಂಬಳ ಇಲ್ಲ. ವಿಮಾನ, ಹೋಟೆಲ್, ಚೀಲ ಹೊರೋ ಸಹಾಯಕ ಕ್ಯಾಡಿ, ಎಲ್ಲ ಅವನ ಜೇಬಿನಿಂದ. ಶುಕ್ರವಾರ ಸಂಜೆ ಕೊನೆಯ ಗ್ರೀನ್ ಮೇಲೆ, ಕುಳಿಯ ಸುತ್ತಲಿನ ನುಣುಪು ಹುಲ್ಲಿನಲ್ಲಿ, ನಾಲ್ಕಡಿ ದೂರದ ಪಟ್ ಎದುರಿಗೆ ಕೂರುತ್ತಾನೆ. ಎದ್ದು ಆ ಕಡೆಯಿಂದ ಬಂದು ನೋಡುತ್ತಾನೆ. ಕ್ಯಾಡಿ ಏನೂ ಹೇಳಲ್ಲ, ಹೇಳೋದಕ್ಕೇನೂ ಇರಲ್ಲ. ಚೆಂಡು ಅಂಚು ಸವರಿ ಆಚೆ ಹೋಗುತ್ತದೆ. ಎರಡು ಸುತ್ತು ಮುಗಿದಾಗ ಮೊದಲ 65 ಸ್ಥಾನದೊಳಗೆ, ಸಮನಾದವರೂ ಸೇರಿ, ಬಂದರೆ ಶನಿವಾರ ಆಟ. ಇಲ್ಲದಿದ್ದರೆ ಸೊನ್ನೆ. ಮುಂದಿನ ವಾರ ಇನ್ನೊಂದು ಖಂಡ, ಇನ್ನೊಂದು ಟಿಕೆಟ್ಟು. ಇವನಿಗೆ ‘ವರ್ಲ್ಡ್ ಟೂರ್’ ಅನ್ನೋ ಹೆಸರು ಬೇರೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಪ್ರತಿ ಮೈಲಿಗೂ ದುಡ್ಡು ಕೊಟ್ಟಿರುತ್ತಾನೆ.

ಈಗ ನಿಷ್ಠೆಯ ವಿಷಯ. 2022ರಲ್ಲಿ ಸೌದಿ ದುಡ್ಡಿನ ಲಿವ್ ಲೀಗ್ ಬಂತು, ಕೆಲವರು ಹಾರಿದರು, ಅನುಮತಿ ಇಲ್ಲದೆ ಅಲ್ಲಿ ಆಡಿದ್ದಕ್ಕೆ ಟೂರಿನವರು ಒಬ್ಬೊಬ್ಬರಿಗೆ ಒಂದು ಲಕ್ಷ ಪೌಂಡ್ ದಂಡ ಹಾಕಿದರು. ಆಗ ಲಿವ್‌ನ ಮುಂದಾಳು ಗ್ರೆಗ್ ನಾರ್ಮನ್. ಅವರ ಹೆಸರು ಎತ್ತಿದರೆ ಟೂರಿನವರ ಮುಖ ಗಂಟಾಗುತ್ತಿತ್ತು. ಸೀಸನ್ನಿನ ಕೊನೆಗೆ ಎಲ್ಲರೂ ಹೋಗಿ ಆಡೋದು ದುಬೈನ ಅರ್ತ್ ಕೋರ್ಸ್‌ನಲ್ಲಿ. ಅದನ್ನು ವಿನ್ಯಾಸ ಮಾಡಿದವರು ಗ್ರೆಗ್ ನಾರ್ಮನ್. ನಾಲ್ಕು ದಿನ ಅವರು ತೋಡಿದ ಬಂಕರ್‌ನಲ್ಲಿ, ಅಂದರೆ ಮರಳುಗುಂಡಿಯಲ್ಲಿ, ಬಿದ್ದು ಎದ್ದು, ಐದನೇ ದಿನ ಅವರನ್ನು ಬೈಯೋದು.

ಸೆಪ್ಟೆಂಬರ್ 2022ರಲ್ಲಿ ಇಂಗ್ಲೆಂಡಿನ ವೆಂಟ್‌ವರ್ತ್‌ನಲ್ಲಿ ಟೂರಿನ ಟೂರ್ನಿ ನಡೆದದ್ದು ನೆನಪಿರಬಹುದು. ಲಿವ್‌ನವರೂ ಬಂದಿದ್ದರು, ಎಲ್ಲರೂ ದುರುಗುಟ್ಟಿಕೊಂಡು ನಿಂತಿದ್ದರು. ಶೇನ್ ಲೌರಿ ಗೆದ್ದು, ಇದು ಒಳ್ಳೆಯವರ ಗೆಲುವು ಅಂದರು. ಲಿವ್‌ನ ಮೇಲಿದ್ದ ದೊಡ್ಡ ದೂರು ಏನು? ನಾಲ್ಕು ಸುತ್ತು, 72 ಹೋಲ್ ಆಡಲ್ಲ, 54ಕ್ಕೇ ಮುಗಿಸುತ್ತಾರೆ, ಇದೂ ಒಂದು ಗಾಲ್ಫಾ ಅಂತ. ಆ ವಾರ ರಾಣಿ ಎಲಿಜಬೆತ್ ತೀರಿಕೊಂಡಿದ್ದರಿಂದ ವೆಂಟ್‌ವರ್ತ್ ಟೂರ್ನಿಯನ್ನೂ 54 ಹೋಲ್‌ಗೇ ಮುಗಿಸಿದ್ದರು. ಒಳ್ಳೆಯವರ 54 ಬೇರೆ, ಕೆಟ್ಟವರ 54 ಬೇರೆ.

ಅದೇ ವೆಂಟ್‌ವರ್ತ್‌ಗೆ ಲಿವ್‌ಗೆ ಹಾರಿದ್ದ ಸೆರ್ಗಿಯೊ ಗಾರ್ಸಿಯಾ ಸಾಹೇಬರೂ ಬಂದಿದ್ದರು. ಇವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ಮೊದಲ ಸುತ್ತಿನಲ್ಲಿ 76 ಹೊಡೆದರು, ಕಾರಣ ಹೇಳದೆ ಎದ್ದು ಹೋದರು. ಜನ ಮೈಗೆ ಹುಷಾರಿಲ್ಲವೇನೋ ಅಂದ್ಕೊಂಡರು. ಶನಿವಾರ ಸಾಹೇಬರು ಅಮೆರಿಕದ ಆಸ್ಟಿನ್‌ನಲ್ಲಿ ಕಾಲೇಜು ಹುಡುಗರ ಫುಟ್‌ಬಾಲ್ ನೋಡುತ್ತಾ ಪ್ರತ್ಯಕ್ಷ. ಇನ್ನೂ ಹಿಂದಕ್ಕೆ ಹೋದರೆ 2019. ಒಂದು ಟೂರ್ನಿಯಲ್ಲಿ ಸಿಟ್ಟು ಬಂದು ಗ್ರೀನ್‌ಗಳನ್ನೇ ಹಾಳು ಮಾಡಿದರು, ಒಂದೆರಡಲ್ಲ, ಐದರವರೆಗೆ. ಹಿಂದೆ ಬರುತ್ತಿದ್ದವರು ದೂರಿದರು, ಟೂರಿನವರು ಹೊರಗೆ ಹಾಕಿದರು. ಗಂಭೀರ ಅನುಚಿತ ವರ್ತನೆ ಅಂತ ಕಾರಣ. ಹುಲ್ಲಿಗೆ ನೋವಾಗಿತ್ತು, ನ್ಯಾಯ ಸಿಕ್ಕಿತು.

ಆ ಟೂರ್ನಿ ಯಾವುದು? ಸೌದಿ ಇಂಟರ್‌ನ್ಯಾಷನಲ್. ನಡೆದಿದ್ದು ಸೌದಿ ಅರೇಬಿಯಾದಲ್ಲಿ. ನಡೆಸಿದ್ದು ಲಿವ್ ಅಲ್ಲ, ಅದಿನ್ನೂ ಹುಟ್ಟಿರಲಿಲ್ಲ. ನಡೆಸಿದ್ದು ಇದೇ ಯುರೋಪಿಯನ್ ಟೂರು. 2019, 2020, 2021, ಮೂರು ವರ್ಷ. ಪತ್ರಕರ್ತ ಜಮಾಲ್ ಖಶೋಗ್ಗಿಯನ್ನು ಇಸ್ತಾಂಬುಲ್‌ನ ಸೌದಿ ಕಚೇರಿಯೊಳಗೆ ಕೊಂದಿದ್ದು 2018ರ ಅಕ್ಟೋಬರ್ 2ರಂದು. ಟೂರಿನ ಮೊದಲ ಚೆಂಡು ಅಲ್ಲಿ ಹಾರಿದ್ದು ನಾಲ್ಕು ತಿಂಗಳಿಗೆ. ಪಾಲ್ ಕೇಸಿ ಒಬ್ಬರು ಮಾನವ ಹಕ್ಕಿನ ಮಾತೆತ್ತಿ ಬರಲ್ಲ ಅಂದರು. 2021ರ ಹೊತ್ತಿಗೆ ಅವರೂ ಹೋಗಿ ಆಡಿದರು. ಆಗ ನಿಷ್ಠೆ, ಪರಂಪರೆ, ನೈತಿಕತೆ ಅಂತ ಟೂರಿನವರು ಬಾಯಿ ಬಿಡಲಿಲ್ಲ. ಆಗ ಚೆಕ್ ಇವರ ಹೆಸರಿಗೆ ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಚೆಕ್ಕಿನ ಮೇಲಿನ ಹೆಸರು ಬದಲಾದ ದಿನ ಇವರಿಗೆ ಮನಸ್ಸಾಕ್ಷಿ ಹುಟ್ಟಿತು. ಇದನ್ನು ವಿಡಂಬನೆ ಮಾಡಿ ಬರೆಯಬೇಕು ಅಂತ ಕೂತರೂ ಆಗುತ್ತಿಲ್ಲ. ಸತ್ತವನ ಶವ ಇವತ್ತಿಗೂ ಸಿಕ್ಕಿಲ್ಲ. ಇವರು ಹುಲ್ಲಿಗೆ ನ್ಯಾಯ ಕೊಡಿಸಿದರು.

ಹೋಗಲಿ. ಲಂಡನ್‌ನಲ್ಲಿ ಪಂಚಾಯ್ತಿ ನಡೆದು, ದಂಡ ಹಾಕೋ ಹಕ್ಕು ಟೂರಿಗಿದೆ ಅಂತ 2023ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಜಯಭೇರಿ. ಜೂನ್ 6ಕ್ಕೆ, ಎರಡೇ ತಿಂಗಳಿಗೆ, ಪಿಜಿಎ ಟೂರು, ಇವರು ಮತ್ತು ಲಿವ್‌ಗೆ ದುಡ್ಡು ಹಾಕಿದ್ದ ಸೌದಿ ನಿಧಿಯವರು ಮೂವರೂ ಒಪ್ಪಂದ ಮಾಡಿಕೊಂಡಿದ್ದೇವೆ ಅಂತ ಪ್ರಕಟಣೆ. ನಿನ್ನೆಯವರೆಗೆ ಇವರ ಪರವಾಗಿ ಮೈಕ್ ಹಿಡಿದು ಗಂಟಲು ಹರಿದುಕೊಂಡಿದ್ದ ಮೆಕಿಲ್‌ರಾಯ್‌ಗೂ ಮೊದಲೇ ಹೇಳಿರಲಿಲ್ಲ. ತಾನು ಬಲಿ ಕುರಿ ಆದಂತಿದೆ ಅಂದರು ಪಾಪ. ಆ ವರ್ಷದ ಕೊನೆಗೆ ಒಪ್ಪಂದ ಪಕ್ಕಾ ಮಾಡೋ ಗಡುವು ಬಂತು, ಹೋಯಿತು. ಒಪ್ಪಂದ ಎಲ್ಲಿದೆ ಅಂತ ಕೇಳಬೇಡಿ.

ದಂಡ ಮಾತ್ರ ಆಮೇಲೂ ನಡೆಯುತ್ತಲೇ ಇತ್ತು. ಅದರ ಕಥೆಯೂ ಚೆನ್ನಾಗಿದೆ. ಹಲವರ ದಂಡವನ್ನು ಲಿವ್‌ನವರೇ ಕಟ್ಟಿಕೊಂಡು ಬಂದರು. ಅಂದರೆ ಸೌದಿ ದುಡ್ಡನ್ನು ಬಹುಮಾನವಾಗಿ ಮುಟ್ಟಿದರೆ ಪಾಪ, ದಂಡವಾಗಿ ಬಂದರೆ ರಶೀದಿ ಹರಿದು ಕೊಡುತ್ತೇವೆ. ಲಿವ್‌ಗೆ ಹೋಗಿದ್ದ ಯಾನ್ ರಾಮ್ ಮತ್ತು ಟಿರೆಲ್ ಹ್ಯಾಟನ್ ದಂಡದ ವಿರುದ್ಧ 2024ರಲ್ಲಿ ಅಪೀಲು ಹಾಕಿದರು. ಅಪೀಲು ಇರೋ ತನಕ ಆಡಬಹುದು ಅನ್ನೋದು ನಿಯಮ. ಹಾಗೆ ಆಡಿ ಹ್ಯಾಟನ್ ಅಕ್ಟೋಬರ್‌ನಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಡನ್‌ಹಿಲ್ ಲಿಂಕ್ಸ್ ಗೆದ್ದರು. 2025ರ ಜನವರಿಯಲ್ಲಿ ದುಬೈ ಡೆಸರ್ಟ್ ಕ್ಲಾಸಿಕ್ ಗೆದ್ದರು, ಅದು 90 ಲಕ್ಷ ಡಾಲರ್ ಟೂರ್ನಿ. ಟೂರಿನವರು ಒಂದು ಕೈಲಿ ನೋಟಿಸು, ಇನ್ನೊಂದು ಕೈಲಿ ಕಪ್ ಹಿಡಿದು ವೇದಿಕೆ ಮೇಲೆ ನಗುತ್ತಾ ನಿಂತರು. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ರೈಡರ್ ಕಪ್, ಯುರೋಪ್ ಮತ್ತು ಅಮೆರಿಕ ತಂಡಗಳ ಕಾದಾಟ. ಅದಕ್ಕೆ ಈ ಇಬ್ಬರು ಅಪರಾಧಿಗಳೂ ಬೇಕೇ ಬೇಕಿತ್ತು. ಅಪೀಲಿಗೂ ಯಾರಿಗೂ ಅವಸರ ಇರಲಿಲ್ಲ. ಯುರೋಪ್ 15–13ರಿಂದ ಗೆದ್ದಿತು, ಎಲ್ಲರೂ ತಬ್ಬಿಕೊಂಡರು, ಕೆಲವರು ಅತ್ತರು.

ಈಗ 2026ರ ಸೀಸನ್ ಬ್ರಿಸ್ಬೇನ್‌ನಲ್ಲಿ ಶುರುವಾಗಿದೆ ಅಂದೆನಲ್ಲ. ಮೊದಲ ಟೂರ್ನಿಯ ಕಪ್ ಎತ್ತಿದವರು ಡೇವಿಡ್ ಪುಯಿಗ್, ಸ್ಪೇನಿನ ಹುಡುಗ. ಲಿವ್‌ನಲ್ಲಿ ಆಡುತ್ತಾರೆ. ಅಲ್ಲಿ ಅವರ ತಂಡದ ಕ್ಯಾಪ್ಟನ್ ಗಾರ್ಸಿಯಾ ಸಾಹೇಬರು.