ಶನಿವಾರದ ಹಾಪ್ಕಿನ್ಸ್–ಮೇರಿಲ್ಯಾಂಡ್ ಪಂದ್ಯ: ನೆಲಕ್ಕೆ ಬಿದ್ದ ಚೆಂಡನ್ನು ನೋಡಿ

ನಮ್ಮ ಮನೆ ಹತ್ತಿರದ ಶಾಲೆಗೆ ಒಂದು ದೊಡ್ಡ ಇಟ್ಟಿಗೆ ಗೋಡೆ ಇದೆ. ಮಗ ದಿನಾ ಸಂಜೆ ಅಲ್ಲಿಗೆ ಹೋಗಿ ಚೆಂಡು ಹೊಡೆಯುತ್ತಾನೆ. ಬಲಗೈಯಲ್ಲಿ ನೂರು, ಎಡಗೈಯಲ್ಲಿ ನೂರು. ಗೋಡೆಗೆ ಬಡಿದು ವಾಪಸ್ ಬಂದ ಚೆಂಡನ್ನು ಕೋಲಿನ ತುದಿಯ ಬಲೆಯಲ್ಲೇ ಹಿಡಿಯಬೇಕು, ಹಿಡಿದ ಕ್ಷಣವೇ ಮತ್ತೆ ಎಸೆಯಬೇಕು. ಈ ವಾರ ಅವನು ಎಣಿಸುವುದನ್ನೇ ಬಿಟ್ಟಿದ್ದಾನೆ. ಕತ್ತಲಾಗುವವರೆಗೂ ಹೊಡೆಯುತ್ತಾನೆ. ಯಾಕೆ ಅಂತ ನನಗೆ ಗೊತ್ತು. ಶನಿವಾರ ಜಾನ್ಸ್ ಹಾಪ್ಕಿನ್ಸ್ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳ ಲ್ಯಾಕ್ರೋಸ್ ತಂಡಗಳು ಆಡುತ್ತವೆ. ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು, ಎಸೆದು, ಗೋಲು ಹೊಡೆಯುವ ಆಟ ಅದು.

ಈ ಕಡೆ ಇರುವ ಕನ್ನಡದ ಸ್ನೇಹಿತರಲ್ಲಿ ಅರ್ಧ ಜನ ಲ್ಯಾಕ್ರೋಸ್ ಪಂದ್ಯವನ್ನು ಒಮ್ಮೆಯೂ ನೋಡಿಲ್ಲ. ಹೈವೇಯಲ್ಲಿ ಹೋಗುವಾಗ ಬಲೆ ಕಟ್ಟಿದ ಕೋಲು ಹಿಡಿದ ಮಕ್ಕಳನ್ನು ನೋಡಿರುತ್ತಾರೆ, ಅಷ್ಟೇ. 2004ರಿಂದ ಇದು ಮೇರಿಲ್ಯಾಂಡ್ ರಾಜ್ಯದ ಅಧಿಕೃತ ತಂಡ ಆಟ. ನಾವು ಇರುವ ನೆಲದ ಆಟ. ಅದಕ್ಕೇ ಇವತ್ತು ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಸೋಮವಾರಪೇಟೆ ಕಡೆಯವನು. ಹಾಕಿ ನೋಡುತ್ತಾ ಬೆಳೆದವನು. ಓದಲು ಹಾಪ್ಕಿನ್ಸ್‌ಗೆ ಬಂದ ವರ್ಷ, ಏಪ್ರಿಲ್‌ನ ಒಂದು ಮಧ್ಯಾಹ್ನ, ಲೈಬ್ರರಿಯಿಂದ ಹೊರಗೆ ಬಂದಾಗ ಬ್ಯಾಂಡ್ ಸದ್ದು ಕೇಳಿಸಿತು. ಮಗ ಆಗ ಎರಡು ವರ್ಷದವನು, ಹೆಂಡತಿ ಅವನನ್ನು ಎತ್ತಿಕೊಂಡು ಬಂದಿದ್ದಳು. ಸುಮ್ನೆ ಏನು ಅಂತ ನೋಡೋಣ ಎಂದು ಹೋದೆವು. ಮೊದಲ ಹತ್ತು ನಿಮಿಷ ಏನೂ ತಿಳಿಯಲಿಲ್ಲ. ಹಾಕಿಯಲ್ಲಿ ಚೆಂಡು ನೆಲದ ಮೇಲಿರುತ್ತದೆ, ಕಣ್ಣು ನೆಲದ ಮೇಲಿರುತ್ತದೆ. ಇಲ್ಲಿ ಚೆಂಡು ಗಾಳಿಯಲ್ಲಿ. ಯಾರ ಬಲೆಯಲ್ಲಿದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ಒಂದು ಚೆಂಡು ಕೆಳಗೆ ಬಿತ್ತು. ಐದಾರು ಜನ ಒಟ್ಟಿಗೆ ಅದರ ಮೇಲೆ ನುಗ್ಗಿದರು. ಕೋಲಿಗೆ ಕೋಲು ಬಡಿಯಿತು. ಒಬ್ಬ ಹುಡುಗ, ಎತ್ತರದಲ್ಲಿ ಉಳಿದವರಿಗಿಂತ ಚಿಕ್ಕವನು, ಬೆನ್ನು ಬಗ್ಗಿಸಿ, ಕೈ ಹೆಚ್ಚುಕಡಿಮೆ ಹುಲ್ಲಿಗೆ ತಾಗುವಷ್ಟು ಕೆಳಗಿಳಿಸಿ, ಓಡುವ ಕಾಲು ನಿಲ್ಲಿಸದೆ ಚೆಂಡನ್ನು ಬಾಚಿಕೊಂಡು ಆ ಗುಂಪಿನೊಳಗಿಂದ ಹೊರಗೆ ಬಂದ. ಇಡೀ ಮೈದಾನ ಎದ್ದು ನಿಂತಿತು. ಗೋಲಾಗಿರಲಿಲ್ಲ. ಬರೀ ಚೆಂಡು ಸಿಕ್ಕಿತ್ತು. ಅವತ್ತು ನನಗೆ ಈ ಆಟ ಅರ್ಥವಾಯಿತು.

ಆ ದಿನದಿಂದ ನನ್ನ ಅಭಿಪ್ರಾಯ ಒಂದೇ. ಲ್ಯಾಕ್ರೋಸ್ ಗೆಲ್ಲಿಸುವವರು ಗೋಲು ಹೊಡೆಯುವವರಲ್ಲ. ನೆಲಕ್ಕೆ ಬಿದ್ದ ಚೆಂಡನ್ನು ಎತ್ತಿಕೊಳ್ಳುವವರು. ಶನಿವಾರದ ಪಂದ್ಯವೂ ಅಲ್ಲೇ ತೀರ್ಮಾನವಾಗುತ್ತದೆ ಅಂತ ನಾನು ಬಲವಾಗಿ ನಂಬುತ್ತೇನೆ.

ಈ ಎರಡು ತಂಡಗಳ ಹಗೆ ಎಷ್ಟು ಹಳೆಯದು ಗೊತ್ತಾ? ಮೊದಲ ಸಲ ಎದುರಾಗಿದ್ದು 1895ರಲ್ಲಿ. ಇಲ್ಲಿವರೆಗೆ ನೂರಕ್ಕೂ ಹೆಚ್ಚು ಸಲ ಆಡಿದ್ದಾರೆ. ಎರಡು ಕ್ಯಾಂಪಸ್‌ಗಳ ನಡುವೆ ಕಾರಿನಲ್ಲಿ ಒಂದು ಗಂಟೆಯೂ ಬೇಡ. ಒಂದೇ ಹೈಸ್ಕೂಲ್ ತಂಡದಲ್ಲಿ ಒಟ್ಟಿಗೆ ಆಡಿದ ಹುಡುಗರು ಕಾಲೇಜಿಗೆ ಬಂದ ಮೇಲೆ ಎದುರುಬದುರು ನಿಲ್ಲುತ್ತಾರೆ. 2015ರಿಂದ ಎರಡೂ ಬಿಗ್ ಟೆನ್ ಲೀಗ್‌ನಲ್ಲಿವೆ. ಅದೇ ವರ್ಷದಿಂದ ಗೆದ್ದವರಿಗೆ ಮರದಲ್ಲಿ ಕೆತ್ತಿದ ಒಂದು ಏಡಿ ಕೊಡುತ್ತಾರೆ. ಚೆಸಪೀಕ್ ಕೊಲ್ಲಿಯ ಏಡಿ ಇಲ್ಲಿಯವರ ಪ್ರಾಣ, ಬೇಸಿಗೆ ಬಂದರೆ ಮೇಜಿನ ಮೇಲೆ ಪೇಪರ್ ಹಾಸಿ ಸುತ್ತಿಗೆಯಲ್ಲಿ ಒಡೆದು ತಿನ್ನುತ್ತಾರೆ. ಹಾಗಾಗಿ ಬೆಳ್ಳಿ ಕಪ್ಪಿಗಿಂತ ಈ ಮರದ ಏಡಿಯೇ ಇಲ್ಲಿಗೆ ಸರಿ.

ಹಾಪ್ಕಿನ್ಸ್ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಆಸ್ಪತ್ರೆ ಮತ್ತು ಸಂಶೋಧನೆ. ಉಳಿದ ಆಟಗಳಲ್ಲಿ ಅದು ಡಿವಿಷನ್ ತ್ರೀ ಕಾಲೇಜು, ಅಂದರೆ ಕ್ರೀಡೆಗೆ ಸ್ಕಾಲರ್‌ಶಿಪ್ ಕೊಡದ ಕೆಳಗಿನ ಹಂತ. ಲ್ಯಾಕ್ರೋಸ್ ಒಂದರಲ್ಲಿ ಮಾತ್ರ ದೇಶದ ಮೇಲಿನ ಹಂತದಲ್ಲಿ ಆಡುತ್ತದೆ. 1883ರಿಂದ ಆಡುತ್ತಿದ್ದಾರೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲೂ 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲೂ ಪ್ರದರ್ಶನ ಪಂದ್ಯಕ್ಕೆ ಅಮೆರಿಕದ ಪರವಾಗಿ ಹೋಗಿದ್ದು ಇದೇ ಕಾಲೇಜಿನ ಹುಡುಗರು. ರಾಷ್ಟ್ರೀಯ ಪಟ್ಟ ಒಟ್ಟು 44. ಅದರಲ್ಲಿ 1971ರಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಟೂರ್ನಿ ಶುರುವಾದ ಮೇಲೆ ಗೆದ್ದಿದ್ದು 9. 2005ರಲ್ಲಿ ಒಂದೂ ಸೋಲದೆ 16–0. 2007ರಲ್ಲಿ ಬಾಲ್ಟಿಮೋರ್‌ನಲ್ಲೇ, ಊರಿನವರ ಕಣ್ಣೆದುರೇ, ಡ್ಯೂಕ್ ವಿರುದ್ಧ 12–11.

ಆಮೇಲೆ ಬರ. ನನಗೆ ಇದು ನಿಜವಾಗಿ ನೋವಿನ ವಿಷಯ. 2015ರಲ್ಲಿ ಸೆಮಿಫೈನಲ್‌ವರೆಗೆ ಹೋದರು. ಅಲ್ಲಿ ತಡೆದಿದ್ದು ಯಾರು? ಇದೇ ಮೇರಿಲ್ಯಾಂಡ್. 12–11, ಒಂದೇ ಗೋಲು. ಪೀಟರ್ ಮಿಲಿಮನ್ ಕಾರ್ನೆಲ್ ಬಿಟ್ಟು 2020ರಲ್ಲಿ ಕೋಚ್ ಆಗಿ ಬಂದ ಮೇಲೆ ತಂಡ ನಿಧಾನವಾಗಿ ಎದ್ದಿತು. 2023 ಮತ್ತು 2024ರಲ್ಲಿ ಕ್ವಾರ್ಟರ್‌ಫೈನಲ್ ಆಡಿದರು. 2024ರಲ್ಲಿ ವರ್ಜೀನಿಯಾ ವಿರುದ್ಧ ಓವರ್‌ಟೈಮ್‌ವರೆಗೆ ಎಳೆದು ಒಂದು ಗೋಲಿನಿಂದ ಸೋತರು. ಆ ಸಂಜೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮೇರಿಲ್ಯಾಂಡ್ ಕಥೆ ಬೇರೆ. ಅದನ್ನು ಹೇಳುವಾಗ ನನಗೆ ಗೌರವ ಬರುತ್ತದೆ, ಎದುರಾಳಿಯಾದರೂ. ಜಾನ್ ಟಿಲ್ಮನ್ ಕೋಚ್ ಆದ ಮೊದಲ ಆರು ಸೀಸನ್‌ನಲ್ಲಿ ತಂಡ ನಾಲ್ಕು ಸಲ ಫೈನಲ್‌ಗೆ ಹೋಯಿತು. 2011, 2012, 2015, 2016. ನಾಲ್ಕೂ ಸೋತರು. ಕೊನೆಯದು ಓವರ್‌ಟೈಮ್‌ನಲ್ಲಿ, 14–13. ಬೇರೆ ಯಾರಾದರೂ ಆಗಿದ್ದರೆ ಕೈ ಚೆಲ್ಲುತ್ತಿದ್ದರು. ಮರುವರ್ಷ, 2017ರಲ್ಲಿ, ಒಹಾಯೊ ಸ್ಟೇಟ್ ತಂಡವನ್ನು 9–6ಕ್ಕೆ ಸೋಲಿಸಿ ಗೆದ್ದರು. ಅದು 1975ರ ನಂತರದ ಮೊದಲ ಪಟ್ಟ. 42 ವರ್ಷ! 2022ರಲ್ಲಿ 18–0, ಒಂದೂ ಸೋಲಿಲ್ಲ. 2024 ಮತ್ತು 2025ರಲ್ಲಿ ಮತ್ತೆ ಫೈನಲ್, ಎರಡೂ ಕೈತಪ್ಪಿತು.

2022ರ ಆ ತಂಡವನ್ನು ಎಲ್ಲರೂ ಗೋಲಿನ ಮಳೆ ಸುರಿಸಿದ ತಂಡ ಅಂತಲೇ ನೆನೆಯುತ್ತಾರೆ. ನಿಜ, ಸುರಿಸಿದ್ದರು. ಆದರೆ ಫೈನಲ್ ಗೆದ್ದಿದ್ದು ಬರೀ 9–7ಕ್ಕೆ. ಅಂದು ಶ್ರೇಷ್ಠ ಆಟಗಾರ ಪ್ರಶಸ್ತಿ ಹೋಗಿದ್ದು ಗೋಲ್‌ಕೀಪರ್ ಲೋಗನ್ ಮೆಕ್‌ನೇನಿಗೆ. ಮುಂದಿನ ವರ್ಷ ಅವನು ಗಾಯಗೊಂಡು ಉಳಿದ ಸೀಸನ್ ಹೊರಗುಳಿದ. ವಾಪಸ್ ಬಂದು ಇನ್ನೆರಡು ಫೈನಲ್ ಆಡಿದ. ಇಂಥ ಹುಡುಗನನ್ನು ಯಾವ ಕಡೆಯವರಾದರೂ ಇಷ್ಟಪಡದೆ ಇರಲು ಆಗುತ್ತಾ?

ಈ ಸಲ ಯಾರು ಯಾರು ಆಡುತ್ತಾರೆ ಅನ್ನುವ ಪಟ್ಟಿ ನಾನು ಕೊಡುವುದಿಲ್ಲ. ಕಾಲೇಜು ತಂಡದಲ್ಲಿ ನಾಲ್ಕೈದು ವರ್ಷಕ್ಕೆ ಎಲ್ಲರೂ ಬದಲಾಗುತ್ತಾರೆ. ಬದಲಾಗದೆ ಉಳಿಯುವುದು ಆಡುವ ರೀತಿ. ಮೇರಿಲ್ಯಾಂಡ್ ರೀತಿ ಅಂದರೆ ತಾಳ್ಮೆ. ಅವರು ಸುಮ್ಮನೆ ಚೆಂಡು ಕಳೆದುಕೊಳ್ಳುವುದಿಲ್ಲ. ತಮ್ಮ ಗೋಲಿನ ಮುಂದೆ ಒಬ್ಬ ತಪ್ಪಿದರೆ ಇನ್ನೊಬ್ಬ ಆಗಲೇ ಹೊರಟಿರುತ್ತಾನೆ. ಅದಕ್ಕೆ ಸ್ಲೈಡ್ ಅನ್ನುತ್ತಾರೆ. ಹಾಪ್ಕಿನ್ಸ್ ಹುಡುಗರು ಎಡವುವುದು ಇಲ್ಲೇ ಅಂತ ನನ್ನ ಅನಿಸಿಕೆ. ಒಬ್ಬನನ್ನು ದಾಟಿದ ಖುಷಿಯಲ್ಲಿ ಎರಡನೆಯವನು ಬರುವುದನ್ನು ನೋಡುವುದಿಲ್ಲ. ದಾಟಿದ ಕೂಡಲೇ ಪಾಸ್ ಕೊಡಬೇಕು, ಆ ಪಾಸ್ ಪಡೆದವನು ಇನ್ನೊಂದು ಪಾಸ್ ಕೊಡಬೇಕು. ಮೂರನೆಯವನ ಹತ್ತಿರ ಹೋಗುವಷ್ಟರಲ್ಲಿ ಜಾಗ ಸಿಗುತ್ತದೆ. ಕಾಯಲು ಟೈಮೂ ಜಾಸ್ತಿ ಇಲ್ಲ. ಚೆಂಡು ಸಿಕ್ಕ 80 ಸೆಕೆಂಡಿನೊಳಗೆ ಗೋಲಿಗೆ ಹೊಡೆಯಬೇಕು, ಅದರಲ್ಲಿ ಮೊದಲ 20 ಸೆಕೆಂಡಿನೊಳಗೆ ಮಧ್ಯದ ಗೆರೆ ದಾಟಿರಬೇಕು. 2019ರಿಂದ ಈ ನಿಯಮ. ಇದು ಬಂದಿದ್ದು ಒಳ್ಳೆಯದಾಯಿತು. ಮುಂದಿದ್ದವರು ಚೆಂಡು ಹಿಡಿದು ಕಾಲ ತಳ್ಳುವುದು ನಿಂತಿತು.

ಈಗ ಫೇಸ್‌ಆಫ್ ವಿಷಯಕ್ಕೆ ಬರುತ್ತೇನೆ. ಹೊಸದಾಗಿ ನೋಡುವವರು ದಯವಿಟ್ಟು ಇದನ್ನು ಗಮನಿಸಿ.

ಮೈದಾನದ ಮಧ್ಯದಲ್ಲಿ ಚೆಂಡು ಇಡುತ್ತಾರೆ. ಎರಡು ತಂಡದಿಂದ ಒಬ್ಬೊಬ್ಬರು ಎದುರುಬದುರು ಬಗ್ಗಿ ಕೂರುತ್ತಾರೆ. ಮಂಡಿ ನೆಲಕ್ಕೆ ತಾಗುವಂತಿಲ್ಲ. ಕೋಲುಗಳು ಚೆಂಡಿನ ಎರಡು ಪಕ್ಕ, ನೆಲಕ್ಕೆ ಅಂಟಿಕೊಂಡಂತೆ. ಆ ಒಂದು ಕ್ಷಣ ಮೈದಾನವೆಲ್ಲ ಸದ್ದಿಲ್ಲದೆ ಇರುತ್ತದೆ. ಸೀಟಿ ಊದಿದ ಕೂಡಲೇ ಇಬ್ಬರೂ ಬಲೆಯನ್ನು ಚೆಂಡಿನ ಮೇಲೆ ಮಗುಚಿ ಅದುಮುತ್ತಾರೆ. ಭುಜಕ್ಕೆ ಭುಜ ಕೊಟ್ಟು ತಳ್ಳುತ್ತಾರೆ. ಚೆಂಡು ಪಕ್ಕಕ್ಕೆ ಚಿಮ್ಮಿದರೆ ಎರಡು ಕಡೆಯ ರೆಕ್ಕೆಯಿಂದ, ಅಂದರೆ ಮೈದಾನದ ಪಕ್ಕದ ಅಂಚಿನಿಂದ, ಓಡಿ ಬರುವವರು ಅದರ ಮೇಲೆ ಬೀಳುತ್ತಾರೆ. ಇದೆಲ್ಲ ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ.

ಹೀಗೆ ಪ್ರತಿ ಕ್ವಾರ್ಟರ್ ಶುರುವಿಗೆ ಒಂದು, ಪ್ರತಿ ಗೋಲಿನ ನಂತರ ಒಂದು. ಪಂದ್ಯದಲ್ಲಿ 20 ಗೋಲು ಬಿದ್ದರೆ ಫೇಸ್‌ಆಫ್ 24ರ ಹತ್ತಿರ ಆಗುತ್ತವೆ. ಫುಟ್‌ಬಾಲ್‌ನಲ್ಲಿ ಗೋಲು ಬಿಟ್ಟುಕೊಟ್ಟವರಿಗೆ ಚೆಂಡು ಸಿಗುತ್ತದೆ. ಇಲ್ಲಿ ಹಾಗಲ್ಲ. ಗೋಲು ಹೊಡೆದ ತಂಡವೇ ಮತ್ತೆ ಚೆಂಡು ಗೆಲ್ಲಬಹುದು, ಮತ್ತೆ ಹೊಡೆಯಬಹುದು. ಅದಕ್ಕೇ ಐದು ನಿಮಿಷದಲ್ಲಿ ನಾಲ್ಕು ಗೋಲು ಒಂದೇ ಕಡೆ ಬೀಳುವುದನ್ನು ನೀವು ನೋಡುತ್ತೀರಿ. ಎದುರಿನವರ ದೊಡ್ಡ ಆಟಗಾರರು ಆಗ ಕೋಲು ಹಿಡಿದು ದೂರದಲ್ಲಿ ನಿಂತಿರುತ್ತಾರೆ. ಚೆಂಡೇ ಬರದಿದ್ದರೆ ಅವರಾದರೂ ಏನು ಮಾಡಿಯಾರು?

ಟಿವಿಯಲ್ಲಿ ಮರುದಿನ ತೋರಿಸುವ ತುಣುಕುಗಳಲ್ಲಿ ಇದು ಒಂದೂ ಇರುವುದಿಲ್ಲ. ಬೆನ್ನ ಹಿಂದಿನಿಂದ ಹೊಡೆದ ಗೋಲು, ಹಾರಿ ಹೊಡೆದ ಗೋಲು, ಅವೇ ಇರುತ್ತವೆ. ನನ್ನ ಮಗನ ವಯಸ್ಸಿನ ಮಕ್ಕಳು ಅದನ್ನೇ ನೋಡಿ ಅದನ್ನೇ ಅಭ್ಯಾಸ ಮಾಡುತ್ತಾರೆ. ಗೋಡೆ ಮುಂದೆ ಒಬ್ಬರೂ ಕೆಳಗೆ ಬಗ್ಗುವುದಿಲ್ಲ. ಮೊನ್ನೆ ಅವನಿಗೆ ಹೇಳಿದೆ, "ಚೆಂಡನ್ನು ನೆಲದ ಮೇಲೆ ಉರುಳಿಸ್ತೀನಿ, ಓಡ್ಕೊಂಡು ಬಂದು ಎತ್ತು." ಎತ್ತಲು ಹೋದ, ಚೆಂಡು ಬಲೆಯ ಅಂಚಿಗೆ ತಾಗಿ ಮುಂದೆ ಹೋಯಿತು. ಎರಡನೇ ಸಲವೂ ಅದೇ. "ಅಪ್ಪಾ, ಇದು ಕಷ್ಟ" ಅಂದ. ಕೋಲಿನ ಹಿಂದಿನ ಕೈ ಮೇಲೆ ಉಳಿದಿತ್ತು. ಅದನ್ನೂ ಕೆಳಗಿಳಿಸಿದರೆ ಬಲೆ ನೆಲಕ್ಕೆ ಸಮವಾಗುತ್ತದೆ, ಚೆಂಡು ತಾನಾಗಿ ಒಳಗೆ ಬರುತ್ತದೆ. ಹೇಳಿದ ಮೇಲೆ ನಾಲ್ಕನೇ ಸಲಕ್ಕೆ ಬಂತು. ಶನಿವಾರ ಮೈದಾನದಲ್ಲಿ ಇದನ್ನೇ ನೋಡು, ಯಾರ ಹಿಂದಿನ ಕೈ ಕೆಳಗಿದೆ ಅಂತ ಎಣಿಸು ಅಂದಿದ್ದೇನೆ. ಒಂದು ಸಣ್ಣ ನೋಟ್‌ಬುಕ್ ಆಗಲೇ ಬ್ಯಾಗಿಗೆ ಹಾಕಿಕೊಂಡಿದ್ದಾನೆ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ಆಟ ಹಾಪ್ಕಿನ್ಸ್‌ನದೂ ಅಲ್ಲ, ಮೇರಿಲ್ಯಾಂಡ್‌ನದೂ ಅಲ್ಲ. ಇದು ಈ ನೆಲದ ಮೂಲ ಜನರದು. ಹೌಡೆನೊಶೋನಿ ಜನ ಇದನ್ನು ಸೃಷ್ಟಿಕರ್ತನ ಆಟ ಅನ್ನುತ್ತಾರೆ. ಹಿಕರಿ ಮರವನ್ನು ಬಗ್ಗಿಸಿ ಮಾಡಿದ ಕೋಲು ಅವರಿಗೆ ಬರೀ ಆಟದ ಸಾಮಾನಲ್ಲ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಲ್ಯಾಕ್ರೋಸ್ ವಾಪಸ್ ಬರುತ್ತಿದೆ. ಅಲ್ಲಿ ತಮ್ಮದೇ ಬಾವುಟದಡಿ ಆಡಬೇಕು ಅನ್ನುವುದು ಅವರ ಆಸೆ. ಆಟವನ್ನು ಜಗತ್ತಿಗೆ ಕೊಟ್ಟವರಿಗೆ ಆ ಅವಕಾಶ ಸಿಗಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಸರಿ, ಯಾರು ಗೆಲ್ಲುತ್ತಾರೆ? ನಾನು ಹಾಪ್ಕಿನ್ಸ್ ಕಡೆ, ಅದು ನಿಮಗೆ ಇಷ್ಟರಲ್ಲಿ ತಿಳಿದಿರುತ್ತದೆ. ಆದರೆ ಲೆಕ್ಕ ಹಾಕಿದರೆ ಮೇರಿಲ್ಯಾಂಡ್ ಎರಡು ಗೋಲಿನಿಂದ ಗೆಲ್ಲುತ್ತದೆ ಅನಿಸುತ್ತದೆ. ಅವರ ರಕ್ಷಣೆ ಅಷ್ಟು ಗಟ್ಟಿ. ಹಾಪ್ಕಿನ್ಸ್‌ಗೆ ಇರುವ ದಾರಿ ಒಂದೇ. ಫೇಸ್‌ಆಫ್‌ನಲ್ಲಿ ಅರ್ಧದಷ್ಟಾದರೂ ಗೆಲ್ಲಬೇಕು, ರೆಕ್ಕೆಯಿಂದ ಬರುವವರು ಮೊದಲು ತಲುಪಬೇಕು, ಮೊದಲ ಕ್ವಾರ್ಟರ್‌ನಲ್ಲಿ ಹಿಂದೆ ಬೀಳಬಾರದು. ಮೇರಿಲ್ಯಾಂಡ್ ಮೂರು ಗೋಲು ಮುಂದೆ ಹೋದರೆ ಅವರನ್ನು ಹಿಡಿಯುವುದು ಬಹಳ ಕಷ್ಟ. ಕೊನೆಯ ಹತ್ತು ನಿಮಿಷಕ್ಕೆ ಸಮ ಇದ್ದರೆ ಮಾತ್ರ ಹಾಪ್ಕಿನ್ಸ್‌ನ ಹೋಮ್‌ವುಡ್ ಮೈದಾನದ ಜನ ನಮ್ಮನ್ನು ಗೆಲ್ಲಿಸುತ್ತಾರೆ. ಪ್ರತಿ ಗೋಲಿಗೂ ಒಂದು, ಎರಡು, ಮೂರು ಅಂತ ಎಣಿಸಿ ಇನ್ನೂ ಬೇಕು ಅಂತ ಕೂಗುವ ಆ ಸದ್ದನ್ನು ಕೂತು ಕೇಳಬೇಕು.

ಬರುವವರಿಗೆ ಒಂದೆರಡು ವಿಷಯ. ಅರ್ಧ ಗಂಟೆ ಮೊದಲೇ ಬನ್ನಿ. ಗೋಲ್‌ಕೀಪರ್‌ಗಳು ಅಭ್ಯಾಸ ಮಾಡುವುದನ್ನು ನೋಡಬೇಕು. ಆರು ಅಡಿ ಅಗಲ, ಆರು ಅಡಿ ಎತ್ತರದ ಗೋಲಿನ ಮುಂದೆ, ಎದೆಗೆ ಕವಚ, ತಲೆಗೆ ಹೆಲ್ಮೆಟ್, ಕಾಲಿಗೆ ಬರೀ ಚಡ್ಡಿ. ಗಟ್ಟಿ ರಬ್ಬರ್ ಚೆಂಡು ಗಂಟೆಗೆ 90 ಮೈಲಿ ಮೀರಿ ಬರುತ್ತದೆ. ಅವರು ಹಿಂದೆ ಸರಿಯುವುದಿಲ್ಲ, ಚೆಂಡಿನ ಕಡೆಗೇ ಒಂದು ಹೆಜ್ಜೆ ಇಡುತ್ತಾರೆ. ಮಕ್ಕಳನ್ನು ಗೋಲಿನ ಹಿಂದಿನ ಬೇಲಿ ಹತ್ತಿರ ನಿಲ್ಲಿಸಿ ತೋರಿಸಿ. ಏಪ್ರಿಲ್ ಬಿಸಿಲನ್ನು ನಂಬಬೇಡಿ, ನೆರಳಿಗೆ ಕೂತರೆ ಚಳಿ, ಒಂದು ಸ್ವೆಟರ್ ಇರಲಿ.

ನಮ್ಮ ವ್ಯಾನ್‌ನಲ್ಲಿ ಮೂರು ಸೀಟು ಖಾಲಿ ಇವೆ. ಎಲಿಕಾಟ್ ಸಿಟಿ ಕಡೆಯವರು ಬರುವುದಾದರೆ ಶುಕ್ರವಾರ ರಾತ್ರಿಯೊಳಗೆ ತಿಳಿಸಿ. ಹೆಂಡತಿ ಚಿತ್ರಾನ್ನ ಮಾಡುತ್ತಾಳೆ, ಹೊರಡುವ ಮುಂಚೆ ನಮ್ಮಲ್ಲೇ ತಿಂದು ಹೋಗೋಣ. ಮೊದಲ ಫೇಸ್‌ಆಫ್‌ಗೆ ಮುಂಚೆ ಎಲ್ಲರೂ ಸೀಟಿನಲ್ಲಿ ಕೂತಿರಬೇಕು.